ಓದುಗರ ಪ್ರಶ್ನೆ: ಮಂಗಳನಿಂದ ವಿಡಿಯೊ ಕಾಲ್ ಬರುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಎಂಟು ಒಂದೇ ಸಿನಿಮಾ ಬಗ್ಗೆ ಇದ್ದವು. ಏಳು ಪತ್ರ ಮೈಸೂರಿನ ಒಂದೇ ಫಿಲ್ಮ್ ಕ್ಲಬ್ಬಿನವರದ್ದು, ಒಂದು ಆ ಚರ್ಚೆಗೆಂದೇ ಮಂಡ್ಯದಿಂದ ರೈಲು ಹತ್ತಿ ಬಂದಿದ್ದವರದ್ದು. ಒಬ್ಬರಿಗೊಬ್ಬರು ಹೇಳದೆ ಬರೆದಿದ್ದಾರೆ ಅಂತ ಕಾಣುತ್ತದೆ, ಯಾಕೆಂದರೆ ಮೂವರು 'ಜಗಳ ಶುರು ಮಾಡಿದ್ದು ನಾನಲ್ಲ' ಎಂದು ಮೊದಲ ಸಾಲಿನಲ್ಲೇ ಹೇಳಿಕೊಂಡಿದ್ದಾರೆ.

ಸಿನಿಮಾ ನೋಡದವರಿಗೆ ಎರಡು ಮಾತು. ಆರು ಜನ ಮಂಗಳ ಗ್ರಹಕ್ಕೆ ಹೊರಡುತ್ತಾರೆ. ದಾರಿಯಲ್ಲಿ ನೌಕೆಯ ಒಂದು ಭಾಗ ಸಿಡಿಯುತ್ತದೆ, ಒಬ್ಬ ಹೊರಗೆ ಹಾರಿಹೋಗಿ ಸಾಯುತ್ತಾನೆ. ಉಳಿದ ಐವರು ಮಂಗಳನ ಮೇಲೆ ಇಳಿದರೆ ಅಲ್ಲಿ ನೆಲದಡಿಯಲ್ಲಿ ಯಾವುದೋ ಜೀವ ಇದೆ, ಅದು ರಾತ್ರೋರಾತ್ರಿ ನಮ್ಮ ಮಾತು ಕಲಿತುಬಿಡುತ್ತದೆ. ಇತ್ತ ಭೂಮಿಯಲ್ಲಿ, ಆ ತಂಡದ ಇಂಜಿನಿಯರ್ ಹುಡುಗಿಯ ಅಪ್ಪ ಆಸ್ಪತ್ರೆ ಸೇರಿದ್ದಾರೆ. ಕೊನೆ ಹೇಳುವುದಿಲ್ಲ. ಹೆಸರೂ ಬೇಡ, ಚಿತ್ರ ಇನ್ನೂ ಓಡುತ್ತಿದೆ. ನಾನು ಕನ್ನಡ ಡಬ್ಬಿಂಗ್‌ನಲ್ಲಿ, ನಮ್ಮ ಅತ್ತೆಯ ಜೊತೆ ಫಸ್ಟ್ ಶೋಗೆ ಹೋಗಿ ನೋಡಿದೆ. ಅತ್ತೆ ಇಂಟರ್ವಲ್‌ವರೆಗೂ ಎಚ್ಚರವಾಗಿದ್ದರು. ನನ್ನ ಲೆಕ್ಕದಲ್ಲಿ ಅದು ಮೂರು ಸ್ಟಾರ್.

ಪ್ರಶ್ನೆ: ನಮ್ಮದು ಇಪ್ಪತ್ತು ಜನರ ಚಿಕ್ಕ ಕ್ಲಬ್. ತಿಂಗಳಿಗೊಂದು ಭಾನುವಾರ ಒಬ್ಬರ ಮನೆಯ ಮಹಡಿ ಮೇಲೆ ಸೇರುತ್ತೇವೆ. ಈ ಸಲ ರಿಟೈರ್ ಆದ ಫಿಸಿಕ್ಸ್ ಮೇಷ್ಟ್ರೊಬ್ಬರು ಹದಿನೇಳು ತಪ್ಪುಗಳ ಪಟ್ಟಿ ಮಾಡಿಕೊಂಡು ಬಂದು ಓದಿದರು. ಹುಡುಗರು 'ಇದು ಸಿನಿಮಾ ಸಾರ್, ಪಾಠ ಅಲ್ಲ' ಎಂದರು. ಮಾತಿಗೆ ಮಾತು ಬೆಳೆಯಿತು, ಉಪ್ಪಿಟ್ಟು ತಣ್ಣಗಾಯಿತು. ಮೇಷ್ಟ್ರು ಇನ್ನು ಬರುವುದಿಲ್ಲ ಎಂದಿದ್ದಾರೆ. ಸೈನ್ಸ್ ಫಿಕ್ಷನ್‌ನಲ್ಲಿ ಸೈನ್ಸ್ ಮುಖ್ಯವೋ ಫಿಕ್ಷನ್ ಮುಖ್ಯವೋ? (ಕ್ಲಬ್ ನಡೆಸುವವರು, ಸರಸ್ವತಿಪುರಂ)

ಉತ್ತರ: ಮೊದಲು ಮೇಷ್ಟ್ರ ಮನೆಗೆ ಹೋಗಿ ಕರೆದುಕೊಂಡು ಬನ್ನಿ. ಹದಿನೇಳು ತಪ್ಪು ಹುಡುಕಬೇಕಾದರೆ ಅವರು ಕತ್ತಲಲ್ಲಿ ಕೂತು ಎಷ್ಟು ಗಮನ ಇಟ್ಟು ನೋಡಿರಬೇಕು! ಮಧ್ಯೆ ಮಧ್ಯೆ ಮೊಬೈಲ್ ತೆಗೆದು ನೋಡುತ್ತಾ, ಮನೆಗೆ ಬಂದು 'ವಿಷುವಲ್ಸ್ ಸೂಪರ್' ಅನ್ನುವವರಿಗಿಂತ ಇಂಥ ಒಬ್ಬರು ಕ್ಲಬ್ಬಿಗೆ ಬೇಕು.

ಅವರ ಪಟ್ಟಿಯ ಬಗ್ಗೆ ನನ್ನ ತಕರಾರಿಲ್ಲ. ಹದಿನೇಳಕ್ಕೂ ಒಂದೇ ಸಮ ಮಾರ್ಕು ಕಳೆದರಲ್ಲ, ಅದಕ್ಕೆ ತಕರಾರು. 1902ರಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ಚಂದ್ರನಿಗೆ ಹೋಗುವ ಸಿನಿಮಾ ಮಾಡಿದ. ಅದರಲ್ಲಿ ಜನರನ್ನು ಒಂದು ಗುಂಡಿನೊಳಗೆ ಕೂರಿಸಿ ಫಿರಂಗಿಯಿಂದ ಹಾರಿಸುತ್ತಾರೆ. ನಿಜವಾಗಿ ಹಾಗೆ ಹಾರಿಸಿದರೆ ಒಳಗಿದ್ದವರು ಚಟ್ನಿ. ಆ ಗುಂಡು ಹೋಗಿ ಚಂದ್ರನ ಕಣ್ಣಿಗೆ ಚುಚ್ಚಿಕೊಳ್ಳುತ್ತದೆ, ಚಂದ್ರನಿಗೆ ಕಣ್ಣು ಬೇರೆ ಇದೆ! ಅದೇ ವರ್ಷ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೊರಟಿತು. ಮಂಡ್ಯ ಕಡೆಯ ನೀರಿನಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಯಂತ್ರ ತಿರುಗುತ್ತದೆ ಅಂದರೆ ಆಗಿನವರಿಗೆ ಫಿರಂಗಿ ಕತೆಯೇ ಸುಲಭವಾಗಿ ನಂಬುವ ಹಾಗೆ ಕಂಡಿರಬಹುದು.

ನಾನು ಸಿನಿಮಾ ನೋಡುವುದು ಹೀಗೆ. ಟಿಕೆಟ್ ಜೊತೆಗೆ ಡೈರೆಕ್ಟರ್‌ಗೆ ಒಂದು ದೊಡ್ಡ ಸುಳ್ಳನ್ನು ಕೈಸಾಲ ಕೊಟ್ಟುಬಿಡುತ್ತೇನೆ. ಇಲ್ಲಿ ಮಂಗಳನ ನೆಲದಡಿ ಜೀವ ಇದೆ ಅಂದರಲ್ಲ, ಸರಿ, ತಗೊಳ್ಳಿ. ಅದಕ್ಕೆ ಲೆಕ್ಕ ಕೇಳುವುದಿಲ್ಲ. ಮಿಕ್ಕ ಸುಳ್ಳುಗಳಿಗೆ ಮಾತ್ರ ಒಂದು ಪ್ರಶ್ನೆ ಕೇಳುತ್ತೇನೆ: ಇಲ್ಲಿ ನಿಜವನ್ನೇ ತೋರಿಸಿದ್ದರೆ ಸೀನ್ ಇನ್ನೂ ಚೆನ್ನಾಗಿರುತ್ತಿತ್ತಾ? ಇಲ್ಲ ಅನ್ನಿಸಿದರೆ ಬಿಟ್ಟುಬಿಡಿ. ಹೌದು ಅನ್ನಿಸಿದರೆ ಬಿಡಬೇಡಿ, ಬೈಯಿರಿ. ಕೈಯಲ್ಲಿದ್ದ ಒಳ್ಳೆಯ ಸೀನನ್ನು ಸೋಮಾರಿತನಕ್ಕೆ ಕಳೆದುಕೊಂಡಿದ್ದಾರೆ. ಉಳಿದ ಪತ್ರಗಳಿಗೂ ಇದೇ ತಕ್ಕಡಿ ಹಿಡಿದಿದ್ದೇನೆ.

ಪ್ರಶ್ನೆ: ನೌಕೆ ಸಿಡಿದಾಗ ಥಿಯೇಟರ್ ಸೀಟು ನಡುಗುವಷ್ಟು ಸದ್ದು ಬಂತು. ಬಾಹ್ಯಾಕಾಶದಲ್ಲಿ ಸದ್ದೇ ಇಲ್ಲ ಎಂದು ಮೇಷ್ಟ್ರು. ಸದ್ದಿಲ್ಲದ ಸ್ಫೋಟ ಯಾರು ನೋಡುತ್ತಾರೆ? (ಕುವೆಂಪುನಗರ)

ಉತ್ತರ: ಮೇಷ್ಟ್ರು ಹೇಳಿದ್ದು ಸರಿ. ಸದ್ದು ಹರಿಯಲು ಗಾಳಿಯೋ ನೀರೋ ಲೋಹವೋ ಏನಾದರೂ ಬೇಕು. 1968ರಲ್ಲೇ ಸ್ಟ್ಯಾನ್ಲಿ ಕುಬ್ರಿಕ್ ತನ್ನ ಬಾಹ್ಯಾಕಾಶದ ಚಿತ್ರದಲ್ಲಿ ಬರೀ ಉಸಿರಾಟದ ಸದ್ದು ಇಟ್ಟು, ಆಮೇಲೆ ಅದನ್ನೂ ನಿಲ್ಲಿಸಿ ಜನರನ್ನು ಹೆದರಿಸಿದ್ದ. ಹಾಗಾಗಿ ಸದ್ದಿಲ್ಲದ್ದನ್ನು ಯಾರು ನೋಡುತ್ತಾರೆ ಅನ್ನುವ ಮಾತು ನಿಲ್ಲುವುದಿಲ್ಲ.

ಆದರೆ ಮೇಷ್ಟ್ರೂ ಅರ್ಧಕ್ಕೆ ನಿಂತರು. ನೀವು ಒಂದು ಕೆಲಸ ಮಾಡಿ. ಮನೆಯಲ್ಲಿ ಮಿಕ್ಸಿ ಓಡುವಾಗ ಅಡುಗೆ ಕಟ್ಟೆಯ ಮೇಲೆ ಮೊಣಕೈ ಊರಿ, ಅದೇ ಕೈಯಿಂದ ಕಿವಿಯನ್ನು ಗಟ್ಟಿಯಾಗಿ ಮುಚ್ಚಿಕೊಳ್ಳಿ. ಹೊರಗಿನ ಗಲಾಟೆ ಕಡಿಮೆಯಾಗಿ ಒಂದು ಗುಂಯ್ ಸದ್ದು ತೋಳಿನೊಳಗಿಂದ ಹತ್ತಿ ಬರುತ್ತದೆ. ಅದು ಮೂಳೆಯಲ್ಲಿ ಬರುವ ಸದ್ದು. ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್‌ಗೆ (1965ರಿಂದ ಇರುವ ವಾಕ್ ಶ್ರವಣ ಸಂಸ್ಥೆ) ಕಿವಿ ಪರೀಕ್ಷೆಗೆ ಹೋದವರಿಗೆ ಇದು ಗೊತ್ತಿರುತ್ತದೆ, ಕಿವಿಯ ಹಿಂದಿನ ಮೂಳೆಗೆ ಒಂದು ಪುಟ್ಟ ಡಬ್ಬಿ ಒತ್ತಿ ಇಟ್ಟು ನೋಡುತ್ತಾರಲ್ಲ, ಅದೇ.

ಈಗ ಆ ಸೀನನ್ನು ನೆನಪು ಮಾಡಿಕೊಳ್ಳಿ. ಹೊರಗೆ ಇಬ್ಬರು ರಿಪೇರಿ ಮಾಡುತ್ತಿದ್ದರು. ಒಬ್ಬಳು ನೌಕೆಯ ಹಿಡಿ ಹಿಡಿದಿದ್ದಳು, ಇನ್ನೊಬ್ಬ ಹಗ್ಗದ ತುದಿಯಲ್ಲಿ ತೇಲುತ್ತಿದ್ದ. ಹಿಡಿದಿದ್ದವಳಿಗೆ ಗ್ಲೌಸಿನ ಮೂಲಕ, ಸೂಟಿನೊಳಗಿನ ಗಾಳಿಯ ಮೂಲಕ ಧಡ್ ಅಂತ ತಲುಪುತ್ತದೆ. ಅವನಿಗೆ ಏನೂ ಇಲ್ಲ. ಬೆನ್ನು ಮಾಡಿದ್ದರೆ ಗೊತ್ತೇ ಆಗುವುದಿಲ್ಲ. ಒಂದೇ ಸ್ಫೋಟ, ಒಬ್ಬಳಿಗೆ ಕೇಳಿಸಿತು, ಒಬ್ಬನಿಗೆ ಕೇಳಿಸಲಿಲ್ಲ. ಎಂಥ ಸೀನ್ ಅಲ್ವಾ? 2013ರ 'ಗ್ರಾವಿಟಿ'ಯಲ್ಲಿ ಮುಟ್ಟಿದ್ದರಿಂದ ಬರುವ ಸದ್ದನ್ನು ಹೀಗೇ ಬಳಸಿದ್ದರು. ಆದರೂ ಇಲ್ಲಿ ಅರ್ಧ ಮಾರ್ಕು ಮಾತ್ರ ಕಳೆಯುತ್ತೇನೆ. ಆ ಸದ್ದಿಗೆ ನಮ್ಮ ಅತ್ತೆ ನನ್ನ ಕೈ ಹಿಡಿದುಕೊಂಡರು, ಅದಕ್ಕೂ ಒಂದು ಬೆಲೆ ಇದೆ.

ಪ್ರಶ್ನೆ: ಹೊರಗೆ ಹಾರಿಹೋದವನ ಹೆಲ್ಮೆಟ್ ಒಡೆದ ತಕ್ಷಣ ಐಸ್ ಆಗಿ, ಗಾಜಿನ ಹಾಗೆ ಚೂರುಚೂರಾದ. ಇದು ನಿಜವಾ? ನನ್ನ ಮಗಳು ಎರಡು ರಾತ್ರಿ ಒಬ್ಬಳೇ ಮಲಗಲಿಲ್ಲ. (ಮಂಡ್ಯ)

ಉತ್ತರ: ಮಗಳಿಗೆ ಹೇಳಿ, ಹಾಗೆ ಆಗುವುದಿಲ್ಲ. ಮನೆಯಲ್ಲಿ ಫ್ಲಾಸ್ಕ್ ಇದ್ದರೆ ಅದನ್ನೇ ತೋರಿಸಿ. ಅದರ ಎರಡು ಗೋಡೆಗಳ ನಡುವೆ ಗಾಳಿ ತೆಗೆದಿರುತ್ತಾರೆ, ಅದಕ್ಕೇ ಕಾಫಿ ಗಂಟೆಗಟ್ಟಲೆ ಬಿಸಿ ಇರುತ್ತದೆ. ಬಾಹ್ಯಾಕಾಶ ಅಂದರೆ ದೊಡ್ಡ ಫ್ಲಾಸ್ಕ್ ಗೋಡೆ ಇದ್ದ ಹಾಗೆ. ಮೈಯ ಶಾಖವನ್ನು ಎಳೆದುಕೊಂಡು ಹೋಗಲು ಅಲ್ಲಿ ಗಾಳಿಯೇ ಇಲ್ಲ, ಹಾಗಾಗಿ ಮೈ ತಣ್ಣಗಾಗಲು ಬಹಳ ಹೊತ್ತು ಬೇಕು. ಚೂರಾಗುವ ಮಾತೇ ಇಲ್ಲ.

ನಿಜವಾಗಿ ಏನಾಗುತ್ತದೆ ಎಂದು ಅನುಭವಿಸಿ ಬದುಕಿದವರೊಬ್ಬರಿದ್ದಾರೆ. 1966ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ನಾಸಾದವರು ಗಾಳಿ ತೆಗೆದ ಕೋಣೆಯಲ್ಲಿ ಸ್ಪೇಸ್ ಸೂಟ್ ಪರೀಕ್ಷೆ ಮಾಡುತ್ತಿದ್ದರು. ಸೂಟಿನ ಒಳಗಿದ್ದವರು ಜಿಮ್ ಲೆಬ್ಲಾಂಕ್ ಎಂಬ ತಂತ್ರಜ್ಞ. ಗಾಳಿಯ ಪೈಪ್ ಕಳಚಿಕೊಂಡಿತು. ಸುಮಾರು 14 ಸೆಕೆಂಡಿನಲ್ಲಿ ಅವರಿಗೆ ಎಚ್ಚರ ತಪ್ಪಿತು. ಎಚ್ಚರ ತಪ್ಪುವ ಮೊದಲು ಕೊನೆಯದಾಗಿ ನೆನಪಿದ್ದದ್ದು, ನಾಲಿಗೆಯ ಮೇಲಿನ ಎಂಜಲು ಗುಳುಗುಳು ಅಂತ ಕುದಿಯುತ್ತಿದ್ದದ್ದು. ಬೇಗನೆ ಗಾಳಿ ತುಂಬಿದರು, ಮನುಷ್ಯ ಎದ್ದು ಕೂತ. ಎಂಜಲು ಕುದಿದದ್ದು ಬಿಸಿಯಿಂದ ಅಲ್ಲ. ಗಾಳಿಯ ಒತ್ತಡ ಕಡಿಮೆಯಾದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಊಟಿಯಲ್ಲಿ ಕುಕ್ಕರ್ ಇಲ್ಲದೆ ಅನ್ನ ಬೇಯುವುದು ತಡ ಅನ್ನುವುದೂ ಇದೇ ಕಾರಣಕ್ಕೆ.

ಇಲ್ಲಿ ಪೂರ್ತಿ ಮಾರ್ಕು ಕಳೆಯಿರಿ. ಹದಿನಾಲ್ಕು ಸೆಕೆಂಡು! ಅಷ್ಟರಲ್ಲಿ ಅವನು ಅವಳ ಕಡೆ ಒಂದು ಸಲ ತಿರುಗಿ ನೋಡಬಹುದಿತ್ತು, ಕೈಯಲ್ಲಿದ್ದ ಉಪಕರಣವನ್ನು ಅವಳತ್ತ ತಳ್ಳಬಹುದಿತ್ತು. ಅವಳು ಎಣಿಸಿಕೊಂಡು ಅವನನ್ನು ಎಳೆದುಕೊಳ್ಳಲು ಒದ್ದಾಡಬಹುದಿತ್ತು. ಅದನ್ನೆಲ್ಲ ಬಿಟ್ಟು ಐಸ್‌ಕ್ಯಾಂಡಿ ಮಾಡಿಟ್ಟರು.

ಪ್ರಶ್ನೆ: ಭೂಮಿಯ ಸುತ್ತ ತಿರುಗುತ್ತಿರುವಾಗ ಒಂದು ಪಾತ್ರ 'ಇಲ್ಲಿ ಗುರುತ್ವವೇ ಇಲ್ಲ' ಅನ್ನುತ್ತದೆ. ತಪ್ಪಲ್ವಾ? (ಜಯನಗರ, ಮೈಸೂರು)

ಉತ್ತರ: ತಪ್ಪು. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ನೆಲದ ಮೇಲಿನ ಗುರುತ್ವದ ಹೆಚ್ಚುಕಡಿಮೆ ನೂರಕ್ಕೆ 90 ಭಾಗ ಇದೆ. ಅಲ್ಲಿಯವರು ತೇಲುವುದು ನೌಕೆಯ ಜೊತೆ ತಾವೂ ಬೀಳುತ್ತಲೇ ಇರುವುದರಿಂದ. ಹಳ್ಳಿ ಬಾವಿಗೆ ಮೇಲಿಂದ ಹಾರಿದಾಗ, ನೀರು ಮುಟ್ಟುವ ಮೊದಲು ಹೊಟ್ಟೆಯಲ್ಲಿ ಜುಂ ಅನ್ನುತ್ತದಲ್ಲ, ಅವರದ್ದು ನೀರೇ ಸಿಗದ ಬಾವಿ. ಆದರೆ ಒಂದು ಸಾಲಿನ ಡೈಲಾಗು, ಬಿಟ್ಟುಬಿಡಿ.

ಪ್ರಶ್ನೆ: ಮಗಳು ಮಂಗಳನಿಂದ ಆಸ್ಪತ್ರೆಯಲ್ಲಿರುವ ಅಪ್ಪನಿಗೆ ವಿಡಿಯೊ ಕಾಲ್ ಮಾಡುವ ದೃಶ್ಯದಲ್ಲಿ ನಾನು ಅತ್ತುಬಿಟ್ಟೆ. ಪಕ್ಕದ ಸೀಟಿನ ಹುಡುಗ 'ಜಿಯೋನಾ ಏರ್‌ಟೆಲ್ಲಾ' ಎಂದ. ನಾನು ಅತ್ತಿದ್ದು ದಡ್ಡತನವಾ? (ಗೋಕುಲಂ)

ಉತ್ತರ: ಅತ್ತಿದ್ದು ದಡ್ಡತನ ಅಲ್ಲ, ನಟರು ಚೆನ್ನಾಗಿ ಮಾಡಿದ್ದರು. ನನ್ನ ಗಂಟಲೂ ಕಟ್ಟಿತು. ಆದರೆ ಇಡೀ ಸಿನಿಮಾದಲ್ಲಿ ನನಗೆ ಸಿಟ್ಟು ಬಂದ ಜಾಗವೂ ಅದೇ.

ಬೆಳಕು, ರೇಡಿಯೊ ಅಲೆ ಎರಡೂ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಹೋಗುತ್ತವೆ. ಚಂದ್ರ ಸುಮಾರು 3.84 ಲಕ್ಷ ಕಿಲೋಮೀಟರ್ ದೂರ, ಅಲ್ಲಿಗೆ ಒಂದೂಕಾಲು ಸೆಕೆಂಡು ಚಿಲ್ಲರೆ. ಮಂಗಳ ಹಾಗಲ್ಲ. ತೀರ ಹತ್ತಿರ ಬಂದಾಗ ಸುಮಾರು 5.5 ಕೋಟಿ ಕಿಲೋಮೀಟರ್, ಸೂರ್ಯನ ಆಚೆ ಬದಿಗೆ ಹೋದಾಗ 40 ಕೋಟಿ. ಅಂದರೆ ಮಾತು ಒಂದು ಕಡೆಯಿಂದ ಇನ್ನೊಂದು ಕಡೆ ಮುಟ್ಟಲು 3 ನಿಮಿಷದಿಂದ 22 ನಿಮಿಷ. ದೂರ ಇರುವಾಗ ಮಗಳು 'ಊಟ ಆಯ್ತಾ ಅಪ್ಪಾ' ಅಂದರೆ 'ಹೂಂ, ಆಯ್ತು' ಅನ್ನುವುದು ಕೇಳಲು ಮುಕ್ಕಾಲು ಗಂಟೆ. ಮೈಸೂರಲ್ಲಿ ರೈಲು ಹತ್ತುವಾಗ ಕೇಳಿದರೆ ಮಂಡ್ಯದಲ್ಲಿ ಇಳಿಯುವ ಹೊತ್ತಿಗೆ ಉತ್ತರ.

ಇದನ್ನು ನಾವೇ ನೋಡಿದ್ದೇವೆ. 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಮಂಗಳಯಾನ ಮಂಗಳನ ಕಕ್ಷೆ ಸೇರುವಾಗ ಟೀವಿ ಮುಂದೆ ಕೂತಿದ್ದವರಿಗೆ ನೆನಪಿರಬಹುದು. ಸುದ್ದಿ ಬರಲು ಹನ್ನೆರಡು ನಿಮಿಷಕ್ಕೂ ಜಾಸ್ತಿ ಬೇಕಿತ್ತು. ಅಲ್ಲಿ ಏನು ಆಗಬೇಕೋ ಆಗಿಹೋಗಿದೆ, ಇಲ್ಲಿ ಎಲ್ಲರೂ ಸ್ಕ್ರೀನ್ ನೋಡುತ್ತಾ ಕೂತಿದ್ದಾರೆ. ಕೂತಲ್ಲಿಂದ ಸ್ಟಿಯರಿಂಗ್ ತಿರುಗಿಸಲು ಆಗುವುದಿಲ್ಲ ಅಂತಲೇ ಏನೇನು ಮಾಡಬೇಕು ಅನ್ನುವುದನ್ನು ದಿನಗಳ ಮೊದಲೇ ನೌಕೆಗೆ ಹೇಳಿ ಇಟ್ಟಿದ್ದರು. ಆ ನೌಕೆಯ ಜೊತೆ ಮಾತಾಡುತ್ತಿದ್ದ 32 ಮೀಟರ್ ಅಗಲದ ತಟ್ಟೆ ಇರುವುದು ಬ್ಯಾಲಾಳುವಿನಲ್ಲಿ. ಬೆಂಗಳೂರಿಗೆ ಹೋಗುವಾಗ ಬಿಡದಿ ಸಿಗುತ್ತದಲ್ಲ, ಅಲ್ಲಿಂದ ಒಳಗೆ ಹೋದರೆ ಆ ಊರು. ನಾವು ತಟ್ಟೆ ಇಡ್ಲಿಗೆ ನಿಲ್ಲಿಸುತ್ತೇವೆ, ಮಂಗಳನ ತಟ್ಟೆ ನೆನಪಾಗುವುದಿಲ್ಲ.

ಈಗ ಅಪ್ಪ ಮಗಳ ಸೀನು ಹೀಗಿದ್ದಿದ್ದರೆ? ಅವಳು ಮಾತಾಡಿ ಕಳಿಸುತ್ತಾಳೆ. ಕಳಿಸಿ ಕೂರುತ್ತಾಳೆ. ಇತ್ತ ಅಪ್ಪ ಕೊನೆಯ ಉಸಿರಿನಲ್ಲಿದ್ದಾರೆ, ಅವಳ ಮಾತು ಇನ್ನೂ ದಾರಿಯಲ್ಲಿದೆ. ಅಥವಾ ಅಪ್ಪನ ಉತ್ತರ ಬರುತ್ತದೆ, ಅವರು ನಗುತ್ತಾರೆ, ಆದರೆ ಆ ನಗುವಿಗೆ ಇಪ್ಪತ್ತೆರಡು ನಿಮಿಷ ವಯಸ್ಸಾಗಿದೆ, ಈಗ ಅವರು ಇದ್ದಾರೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ನಿಮ್ಮ ಪಕ್ಕದ ಹುಡುಗ ಆಗ ಜಿಯೋ ಏರ್‌ಟೆಲ್ ಅನ್ನುತ್ತಿರಲಿಲ್ಲ. ಮೇಷ್ಟ್ರ ಪಟ್ಟಿಯಲ್ಲಿ ಇದು ಹನ್ನೊಂದನೆಯದಂತೆ. ನಾನಾಗಿದ್ದರೆ ಇದೊಂದನ್ನೇ ಓದಿ ಉಪ್ಪಿಟ್ಟಿಗೆ ಏಳುತ್ತಿದ್ದೆ.

ಪ್ರಶ್ನೆ: ಆ ಮಂಗಳನ ಜೀವ ಒಂದೇ ರಾತ್ರಿಯಲ್ಲಿ ಭಾಷೆ ಕಲಿತು 'ನಿಮ್ಮ ಆಗಮನದ ಉದ್ದೇಶವೇನು' ಎಂದು ಕೇಳಿತು. ಅಷ್ಟು ಶುದ್ಧ ಕನ್ನಡ ನಮ್ಮ ಮನೆ ಮಕ್ಕಳಿಗೇ ಬರುವುದಿಲ್ಲ! (ವಿಜಯನಗರ, ಮೈಸೂರು)

ಉತ್ತರ: ಡಬ್ಬಿಂಗ್ ಬರೆದವರು ಹಳೆಯ ಪೌರಾಣಿಕ ನಾಟಕ ಜಾಸ್ತಿ ನೋಡಿರಬೇಕು. ಗೊತ್ತಿಲ್ಲದ ಭಾಷೆಯನ್ನು ಮಧ್ಯೆ ಇನ್ನೊಂದು ಭಾಷೆ ಇಲ್ಲದೆ ಕಲಿಯುವುದು ಎಷ್ಟು ಕಷ್ಟ ಅಂತ ಹೇಳುವವರು ನಮ್ಮೂರಲ್ಲೇ ಸಿಗುತ್ತಾರೆ. 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇಲ್ಲೇ ಇದೆ. ಹಸುವಿನ ಕಡೆ ಬೆರಳು ತೋರಿಸಿ ಇದೇನು ಅಂದರೆ ಎದುರಿನವನು ಏನೋ ಒಂದು ಪದ ಹೇಳುತ್ತಾನೆ. ಅದು 'ಹಸು' ಇರಬಹುದು, 'ಬಿಳೀದು' ಇರಬಹುದು, 'ಮೇಯ್ತಿದೆ' ಇರಬಹುದು, 'ನಂದು, ಮುಟ್ಟಬೇಡ' ಕೂಡ ಇರಬಹುದು. ಕ್ವೈನ್ ಎಂಬ ಅಮೆರಿಕದ ತತ್ವಜ್ಞಾನಿ 1960ರಲ್ಲಿ ಮೊಲದ ಉದಾಹರಣೆ ಕೊಟ್ಟು ಎತ್ತಿದ ತೊಡಕು ಇದು.

ಕನ್ನಡದ್ದಂತೂ ಇನ್ನೂ ಮಜಾ. ನಾವು ಹೊರಡುವಾಗ 'ಬರ್ತೀನಿ' ಅನ್ನುತ್ತೇವೆ. ಪಾಪ ಆ ಜೀವ ಅರ್ಥ ಮಾಡಿಕೊಂಡು ಬಾಗಿಲಲ್ಲೇ ಕಾಯುತ್ತಾ ಕೂತರೆ? ಅಂಥ ಒಂದು ಎಡವಟ್ಟು ಇದ್ದಿದ್ದರೆ ದ್ವಿತೀಯಾರ್ಧ ಎದ್ದು ನಿಲ್ಲುತ್ತಿತ್ತು. ಇಲ್ಲಿ ಡೈರೆಕ್ಟರ್ ಒಂದು ಸಾಲ ತೀರಿಸುವ ಮೊದಲೇ ಇನ್ನೊಂದಕ್ಕೆ ಕೈ ಚಾಚಿದ್ದಾರೆ.

ಅಂದ ಹಾಗೆ, ಕನ್ನಡ ಆ ಕಡೆಗೆ ಆಗಲೇ ಹೊರಟಿದೆ. 1977ರಲ್ಲಿ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಒಂದೊಂದು ಚಿನ್ನದ ಲೇಪದ ಗ್ರಾಮಫೋನ್ ತಟ್ಟೆ ಇದೆ. ಅದರಲ್ಲಿ 55 ಭಾಷೆಗಳ ನಮಸ್ಕಾರ ಇದೆ, ಕನ್ನಡದ್ದೂ ಒಂದು. ಕನ್ನಡಿಗರ ಪರವಾಗಿ ಶುಭಾಶಯ ಹೇಳುತ್ತದೆ, ಅಷ್ಟೆ, ಆಗಮನದ ಉದ್ದೇಶ ಕೇಳುವುದಿಲ್ಲ.

ಪ್ರಶ್ನೆ: ಸಿನಿಮಾದಲ್ಲಿ ಆರು ತಿಂಗಳು ಬರೀ ಮಾತ್ರೆ ನುಂಗುತ್ತಾರೆ. ಗಗನಯಾತ್ರಿಗಳು ಊಟ ಮಾಡುವುದಿಲ್ಲವಾ? (ಗೃಹಿಣಿ, ಸಿದ್ಧಾರ್ಥನಗರ)

ಉತ್ತರ: ಅಮ್ಮಾ, ಉತ್ತರ ನಿಮ್ಮ ಬಡಾವಣೆಯಲ್ಲೇ ಇದೆ. ಅಲ್ಲಿರುವ ರಕ್ಷಣಾ ಆಹಾರ ಸಂಶೋಧನಾಲಯ, ಎಲ್ಲರೂ ಡಿಎಫ್‌ಆರ್‌ಎಲ್ ಅನ್ನುವುದು, 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಊಟ ಕಟ್ಟಿಕೊಟ್ಟಿತ್ತು. ರವೆ ಹಲ್ವ, ಆಲೂ ಛೋಲೆ, ವೆಜಿಟೇಬಲ್ ಪಲಾವ್. ಜೊತೆಗಿದ್ದ ರಷ್ಯನ್ನರಿಗೂ ಹಂಚಿ ತಿಂದರು. 2025ರಲ್ಲಿ ಶುಭಾಂಶು ಶುಕ್ಲಾ ಕ್ಯಾರೆಟ್ ಹಲ್ವ, ಹೆಸರುಬೇಳೆ ಹಲ್ವ, ಮಾವಿನ ರಸ ಒಯ್ದಿದ್ದರು.

ಹಲ್ವವೇ ಯಾಕೆ ಅಂದರೆ, ಅಲ್ಲಿ ಪುಡಿ ಉದುರಬಾರದು. ಉದುರಿದ್ದು ನೆಲಕ್ಕೆ ಬೀಳದೆ ತೇಲಿ ಕಣ್ಣಿಗೋ ಯಂತ್ರಕ್ಕೋ ಹೋಗುತ್ತದೆ. ಅದಕ್ಕೇ ಬ್ರೆಡ್ ಬದಲು ಚಪಾತಿಯಂಥ ರೊಟ್ಟಿ, ಪುಡಿ ಉಪ್ಪಿನ ಬದಲು ಉಪ್ಪು ನೀರು. ಗಟ್ಟಿ ಮೈಸೂರ್ ಪಾಕ್ ಪ್ರಿಯರು ಬೇಜಾರು ಮಾಡಿಕೊಳ್ಳಬೇಡಿ, ನಮ್ಮದು ಅಲ್ಲಿಗೆ ಆಗದು, ಮೃದು ಇರುವುದು ಆದೀತು. ಇನ್ನೊಂದು ವಿಷಯ, ಅಲ್ಲಿ ಮೈಯ ನೀರು ತಲೆಯ ಕಡೆ ಏರಿ ಮೂಗು ಕಟ್ಟಿದ ಹಾಗಿರುತ್ತದೆ. ನೆಗಡಿ ಬಂದಾಗ ಸಪ್ಪೆ ಸಾರು ಸೇರುವುದಿಲ್ಲವಲ್ಲ, ಹಾಗೆ. ಖಾರ ಜಾಸ್ತಿ ಬೇಕು ಅನ್ನುತ್ತಾರೆ. ಆರು ತಿಂಗಳ ಪಯಣದಲ್ಲಿ ಒಂದು ಉಪ್ಪಿನಕಾಯಿ ಜಗಳ ಇಡದೆ ಮಾತ್ರೆ ನುಂಗಿಸಿದ ಡೈರೆಕ್ಟರ್‌ಗೆ ಮನೆಯಲ್ಲಿ ಯಾರೂ ಊಟ ಬಡಿಸಿಲ್ಲ ಅಂತ ಕಾಣುತ್ತದೆ.

ಪ್ರಶ್ನೆ: ಸಾರ್, ನಾನು ಒಂಬತ್ತನೇ ಕ್ಲಾಸು. ಕ್ಲಬ್ಬಿಗೆ ಅಜ್ಜನ ಜೊತೆ ಹೋಗಿದ್ದೆ. ಕನ್ನಡದಲ್ಲಿ ಸೈನ್ಸ್ ಫಿಕ್ಷನ್ ಆಗಲ್ಲ, ದುಡ್ಡು ಬೇಕು ಅಂತ ಎಲ್ಲರೂ ಹೇಳಿದರು. ನನ್ನ ಹತ್ತಿರ ಅಮ್ಮನ ಫೋನ್ ಇದೆ. (ಹೆಸರು ಹಾಕಬೇಡಿ)

ಉತ್ತರ: ಆಗಲ್ಲ ಅಂದವರಿಗೆ ಹೇಳು, ರಜನಿಕಾಂತ್ ರೋಬೋ ಆಗುವ ಎಂಟು ವರ್ಷ ಮೊದಲೇ, 2002ರಲ್ಲಿ, ಉಪೇಂದ್ರ 'ಹಾಲಿವುಡ್'ನಲ್ಲಿ ರೋಬೋ ಆಗಿದ್ದರು. ಓದಲು ಬೇಕಿದ್ದರೆ ಲೈಬ್ರರಿಯಲ್ಲಿ ರಾಜಶೇಖರ ಭೂಸನೂರಮಠರ ಪುಸ್ತಕ ಕೇಳು.

ದುಡ್ಡಿನ ಸಿನಿಮಾ ಬಿಡು. ನಿನಗೆ ಒಂದು ಕೋಣೆ, ಒಂದು ಕುರ್ಚಿ, ನಿಮ್ಮಕ್ಕನೋ ಚಿಕ್ಕಮ್ಮನೋ ಒಬ್ಬರು ಸಾಕು. ಅವರು ಮಂಗಳನ ಮೇಲಿದ್ದಾರೆ. ಅಪ್ಪನಿಗೆ ಒಂದು ಪ್ರಶ್ನೆ ಕೇಳಿ ಕಳಿಸಿದ್ದಾರೆ. ಉತ್ತರಕ್ಕೆ ನಲವತ್ತನಾಲ್ಕು ನಿಮಿಷ ಇದೆ. ಅಷ್ಟು ಹೊತ್ತು ಅವರು ಏನು ಮಾಡುತ್ತಾರೆ? ಬಟ್ಟೆ ಮಡಚುತ್ತಾರಾ, ಅನ್ನ ಬಿಸಿ ಮಾಡಿ ತಿನ್ನದೆ ಇಡುತ್ತಾರಾ, ಕೇಳಬಾರದಿತ್ತು ಅಂದುಕೊಳ್ಳುತ್ತಾರಾ? ಅದನ್ನು ಐದು ನಿಮಿಷದಲ್ಲಿ ತೋರಿಸು. ಫೋನನ್ನು ಅಡ್ಡ ಹಿಡಿ, ಫ್ಯಾನ್ ಆಫ್ ಮಾಡು, ಇಲ್ಲದಿದ್ದರೆ ಮಾತಿಗಿಂತ ಅದರ ಸದ್ದೇ ಜಾಸ್ತಿ ಬರುತ್ತದೆ. ಶೂಟಿಂಗ್‌ಗೆ ಮೊದಲು ಬರೆದದ್ದನ್ನು ಆ ಮೇಷ್ಟ್ರಿಗೆ ತೋರಿಸು. ಹದಿನೇಳು ತಪ್ಪು ಹುಡುಕಿ ಕೊಡುತ್ತಾರೆ, ಹೇಗೂ ಈಗ ಭಾನುವಾರ ಮನೆಯಲ್ಲೇ ಇರುತ್ತಾರೆ.